ಗಡಿಸೀಮೆಯ ಕಾಲೇಜಿನಲ್ಲಿ ಅಂಗವಿಕಲ ಸಹಪಾಠಿ

ಔರಾದ ಶಹಾಜನಿ ಮಹಾರಾಷ್ಟ್ರದ ಲಾತೂರ ಜಿಲ್ಲೆ ನಿಲಂಗಾ ತಾಲೂಕಿನ ಗಡಿ ಊರು. ಬೀದರ ಜಿಲ್ಲೆಯ ಔರಾದ ಬೇರೆ. ಅದರ ಸುತ್ತಲಿನ ನಿಲಂಗಾ, ಉದಗೀರ, ಉಮರ್ಗಾ ಸೀಮೆಗೆ ಕಾಲೇಜು ಬಂದದ್ದೇ ತಡವಾಗಿ. ಈ ಸೀಮೆ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ ಪದವಿ ಓದಲು ಹೈದರಾಬಾದಿಗೇ ಹೋಗಬೇಕಿತ್ತು. ಅಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯ 1958ರದು, ಉದಗೀರದ ಉದಯಗಿರಿ ಮಹಾವಿದ್ಯಾಲಯ 1962ರದು. ಕಣ್ಣಿಲ್ಲದ ಹುಡುಗನಿಗೆ ಆಗ ಪದವಿಗಿಂತ ಸಂಗೀತದ ದಾರಿಯೇ ಹತ್ತಿರ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೆ ಉಂಡು ಕಲಿತರು. ಕಾಲೇಜುಗಳಿಗೆ ಅಂಥ ಸಹವಾಸ ಬಹುಕಾಲ ದಕ್ಕಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಇದೇ ಸೀಮೆಯ ಔಸಾ, ಉಮರ್ಗಾ ತಾಲೂಕುಗಳ ಊರುಗಳನ್ನು ನೆಲಸಮ ಮಾಡಿತು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆ ಮಲಗಿದ್ದವರ ಮೇಲೆ ಬಿದ್ದವು. ಸುಮಾರು 10 ಸಾವಿರ ಜನ ಸತ್ತರು; ಬದುಕುಳಿದ ಹಲವರು ಕೈಕಾಲು ಕಳೆದುಕೊಂಡರು, ಬೆನ್ನುಮೂಳೆ ಮುರಿದುಕೊಂಡರು. ಅಂಗವೈಕಲ್ಯವೆಂದರೆ ಒಬ್ಬೊಬ್ಬರ ಪೂರ್ವಕರ್ಮ ಎನ್ನುವ ಹಳೆಯ ಮಾತು ಇಡೀ ಊರೇ ಕುಸಿದಲ್ಲಿ ನಿಲ್ಲುವುದು ಕಷ್ಟ.

ಮರುವರ್ಷ ನಾಂದೇಡದಲ್ಲಿ ಸ್ವಾಮಿ ರಮಾನಂದ ತೀರ್ಥ ವಿಶ್ವವಿದ್ಯಾಲಯ ಹುಟ್ಟಿತು. ನಿಲಂಗಾ, ಉದಗೀರ ಅದರ ವ್ಯಾಪ್ತಿಗೆ ಸೇರಿದವು. ಉಮರ್ಗಾ ಔರಂಗಾಬಾದಿನ ವಿಶ್ವವಿದ್ಯಾಲಯದ ಕೆಳಗೇ ಉಳಿಯಿತು. ಅಂಗವಿಕಲರ ಕುರಿತ 1995ರ ಕಾಯ್ದೆ ಸರ್ಕಾರಿ, ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಶೇ. 3ರಷ್ಟು ಸೀಟು ಮೀಸಲಿಟ್ಟಿತು. 2016ರ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಅದನ್ನು ಶೇ. 5ಕ್ಕೆ ಏರಿಸಿತು. ಸೀಟು ಕೊಡುವುದು ಕಾಯ್ದೆಗೆ ಸಾಧ್ಯ, ಪಕ್ಕದ ಬೆಂಚಿನವನ ಗೆಳೆತನ ಕೊಡಿಸುವುದಲ್ಲ. ಬರೀ ಒಂದೇ ಕೋಣೆಯಲ್ಲಿ ಕೂತರೆ ಪೂರ್ವಗ್ರಹ ಕರಗದು, ಸರಿಸಮಾನರಾಗಿ ಒಂದೇ ಗುರಿಗೆ ದುಡಿಯಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು.

ಅಂಥ ದುಡಿಮೆ ಕಾಲೇಜಿನಲ್ಲಿ ಸ್ಪಷ್ಟವಾಗಿ ಕಾಣುವುದು ಪರೀಕ್ಷೆಯಲ್ಲಿ. ಬರೆಯಲಾಗದ ವಿದ್ಯಾರ್ಥಿ ಉತ್ತರ ಹೇಳುತ್ತಾನೆ, ಲಿಪಿಕಾರ ಬರೆಯುತ್ತಾನೆ. ಮರಾಠಿ ಸೀಮೆಯಲ್ಲಿ ಇವನೇ ಲೇಖನಿಕ. ಇಲ್ಲಿ ಬಲ್ಲವನು ಅಂಗವಿಕಲ, ಅವನ ಮಾತಿನಂತೆ ನಡೆಯುವವನು ಕಣ್ಣು ಕೈ ನೆಟ್ಟಗಿರುವವನು. ಕನಿಕರಕ್ಕೆ ಎಡೆಯೇ ಕಡಿಮೆ. 2013ರ ಕೇಂದ್ರ ಮಾರ್ಗಸೂಚಿ ಇಂಥ ಪರೀಕ್ಷಾರ್ಥಿಗಳಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು. ಪರೀಕ್ಷಾರ್ಥಿ ತಾನೇ ಕರೆತರುವ ಲಿಪಿಕಾರ ಒಂದು ಹಂತ ಕೆಳಗೆ ಓದಿದವನಿರಬೇಕು ಎಂದಿತು 2018ರ ಆದೇಶ. ನಕಲು ತಡೆಯುವ ಈ ನಿಯಮದಿಂದ ಆಪ್ತ ಸಹಪಾಠಿಯೇ ಹೊರಗುಳಿದ, ಕಿರಿಯ ತರಗತಿಯವನು ಒಳಬಂದ. ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲಾಗದವರಿಗೂ ಲಿಪಿಕಾರನ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದಕ್ಕೆ ತಕ್ಕ ಮಾರ್ಗಸೂಚಿ 2022ರಲ್ಲಿ ಹೊರಬಂತು.