ಮಣ್ಣು ಎಂಬ ಮಾತು

‘ಮಣ್ಣು’ ಎಂಬ ಎರಡಕ್ಷರದ ಮಾತಿಗೆ ಬೀದರ ಸೀಮೆಯಲ್ಲಿರುವಷ್ಟು ಅರ್ಥವೈಭವ ಬೇರೆಡೆ ವಿರಳವೆಂದೇ ನನ್ನ ಎಣಿಕೆ. ಹೊಲವನ್ನು ಎರಿ, ಮಸಾರಿ ಎಂದು ವಿಂಗಡಿಸುವ ರೈತನಿಗೆ ಅದು ಬೆಳೆಯ ಮೂಲ. ಸತ್ತವರನ್ನು ‘ಮಣ್ಣು ಮಾಡಿ’ ಬರುವ ಊರಿಗೆ ಅದೇ ಅಂತ್ಯಸಂಸ್ಕಾರ. ಗೋರಿಗೆ ಹಿಡಿಮಣ್ಣು ಹಾಕುವುದನ್ನು ದಖನಿ ಮಾತಿನವರು ‘ಮಿಟ್ಟಿ ದೇನಾ’ ಎನ್ನುವುದರಿಂದ ಅಲ್ಲಿ ಎರಡು ನುಡಿಗಳಿಗೂ ಒಂದೇ ಹೃದಯ. ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಅಹಮದ ಶಹಾ ವಲಿಯು 1436ರಲ್ಲಿ ತೀರಿಕೊಂಡು, ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಮಣ್ಣಾದನು. ಅವನನ್ನು ಅಲ್ಲಮಪ್ರಭುವೆಂದೇ ಭಾವಿಸುವ ಲಿಂಗಾಯತರೂ ವಲಿಯೆಂದು ನಮಿಸುವ ಮುಸಲ್ಮಾನರೂ ಇಂದಿಗೂ ಆ ಒಂದೇ ಗುಮ್ಮಟದಡಿ ತಲೆಬಾಗುವರು.

ಈ ಮಾತಿನ ಅತಿಸೂಕ್ಷ್ಮವಾದ ಅರ್ಥವನ್ನು ಬಲ್ಲವರು ಮಾತ್ರ ಬಿದ್ರಿ ಕೆಲಸದವರು. ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದ ಹೂಜಿಗೆ ಮೈಲುತುತ್ತ ಬಳಿದು, ಕಪ್ಪಾದ ಮೈಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಉಜ್ಜಿ ನುಣುಪುಗೊಳಿಸಿದ ಮೇಲೂ ಬೆಳ್ಳಿಯಾವುದು ಸತುವಾವುದು ಎಂದು ಕಣ್ಣಿಗೆ ಸ್ಪಷ್ಟವಾಗದು. ಕೋಟೆಯೊಳಗೆ ಬಿಸಿಲುಮಳೆ ಸೋಕದ ಹಳೆಯ ಮೂಲೆಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಯಾದ ಪಾತ್ರೆಗೆ ಲೇಪಿಸಿದೊಡನೆ ಸತುವು ಕಾಡಿಗೆಯಂತೆ ಕಪ್ಪಾಗುವುದು, ಬೆಳ್ಳಿಯು ತನ್ನ ಬಿಳುಪನ್ನು ಬಿಡದೆ ಬೆಳಗುವುದು. ಹಳೆಯ ಕೈಗಳು ಆ ಮಣ್ಣನ್ನು ನಾಲಗೆಯ ತುದಿಗಿಟ್ಟು ಪರೀಕ್ಷಿಸುವುದುಂಟು. ಅದರ ಲವಣಗುಣವನ್ನು ಅರಿಯಲು ಅವರಿಗೆ ಅನ್ಯ ಯಂತ್ರ ಬೇಕಿಲ್ಲ.

ಫ್ರಾನ್ಸಿನ ದ್ರಾಕ್ಷಾರಸದ ಹಳ್ಳಿಗಳವರು ನೆಲ, ಹವೆ, ಕೈಚಳಕ ಮೂರನ್ನೂ ಕೂಡಿಸಿ ‘ತೆರ್ವಾರ್’ ಎಂದು ಕರೆದು, 1935ರಲ್ಲಿಯೇ ಊರಿನ ಹೆಸರಿಗೆ ಕಾನೂನಿನ ರಕ್ಷಣೆಯನ್ನು ಗಳಿಸಿದರು. ರೋನ್ ನದಿಯ ಸೀಮೆಯ ಶಾತೊನೂಫ್-ದ್ಯು-ಪಾಪಿನಲ್ಲಿ ಹಗಲಿನ ಕಾವನ್ನು ಇರುಳಿಗೂ ಹಿಡಿದಿಡುವ ಉರುಟು ಕಲ್ಲುಗಳನ್ನು ಅಲ್ಲಿಯವರು ಆಸ್ತಿಯೆಂದೇ ಎಣಿಸುವರು. ನಮ್ಮ ಬಿದ್ರಿಗೂ ಭೌಗೋಳಿಕ ಸೂಚಕದ ಮನ್ನಣೆ 2006ರಲ್ಲಿ ದೊರೆತಿದೆ. ಹೆಸರಿಗೆ ದೊರೆತ ಆ ಕಾವಲು ಮಣ್ಣಿಗೂ ದೊರೆಯುವುದು ನ್ಯಾಯ. ಕೋಟೆಯ ಜೀರ್ಣೋದ್ಧಾರ ನಡೆಸುವವರು ಒಳಮೂಲೆಗಳಿಂದ ತೆಗೆದ ಮಣ್ಣನ್ನು ಕಸವೆಂದು ಹೊರಗೆ ಸುರಿಯದೆ, ಬಿದ್ರಿ ಕೆಲಸದವರನ್ನು ಕರೆಸಿ, ಅವರು ರುಚಿ ನೋಡಿ ಆರಿಸಿಕೊಂಡ ಮೇಲೆಯೇ ಉಳಿದುದನ್ನು ಸಾಗಿಸಬೇಕೆಂದು ಬೇಡಿಕೊಳ್ಳುತ್ತೇನೆ.