ಬಿಸಿಯೂಟದ ಅಡುಗೆಯವರು

ಕರ್ನಾಟಕದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಸಿದ್ಧಪಡಿಸುವ ಸಹಾಯಕ ಸಿಬ್ಬಂದಿ. ಮುಖ್ಯ ಅಡುಗೆಯವರು, ಸಹಾಯಕ ಅಡುಗೆಯವರು ಎಂಬ ಎರಡು ದರ್ಜೆಗಳಿವೆ. ಇವರಲ್ಲಿ ಬಹುಪಾಲು ಮಹಿಳೆಯರು.

ಈ ಊಟ ನೀಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಗದಗ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಹೀಗೆ ಗದಗ ಜಿಲ್ಲೆಯ ರೋಣ, ನರಗುಂದ ತಾಲ್ಲೂಕುಗಳಿಗೂ, ಆಗ ರೋಣಕ್ಕೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಗಜೇಂದ್ರಗಡಕ್ಕೂ ಬಂತು. 2021ರಿಂದ ಕೇಂದ್ರದ ಮಧ್ಯಾಹ್ನದ ಊಟದ ಯೋಜನೆಗೆ ಪಿಎಂ ಪೋಷಣ್ ಎಂಬ ಹೆಸರಿದೆ.

ದಿನಚರಿ: ಬೆಳಿಗ್ಗೆ ಅಡುಗೆಕೋಣೆ ಗುಡಿಸಿ, ಪಾತ್ರೆ ತೊಳೆದು, ನೀರು ತುಂಬಿಸುತ್ತಾರೆ. 2013ರ ಕ್ಷೀರಭಾಗ್ಯ ಯೋಜನೆಯ ನಂತರ ಹಾಲಿನ ಪುಡಿ ಕದಡಿ ಕಾಯಿಸುವುದೂ ಸೇರಿದೆ. ಹಾಜರಾತಿ ತಿಳಿದ ಮೇಲೆ ಅಕ್ಕಿ, ಬೇಳೆ ಅಳೆಯುತ್ತಾರೆ. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ರವರಿಗೆ ಇದರ ಒಂದೂವರೆ ಪಟ್ಟು. ಕಿರಿಯ ತರಗತಿಗಳ 120 ಮಕ್ಕಳಿದ್ದರೆ 12 ಕಿಲೋ ಅಕ್ಕಿ ಆರಿಸಿ ತೊಳೆಯಬೇಕು, 6 ಕಿಲೋ ತರಕಾರಿ ಹೆಚ್ಚಬೇಕು. ಶಿಕ್ಷಕರು ರುಚಿ ನೋಡಿದ ಬಳಿಕವೇ ಬಡಿಸುವುದು ನಿಯಮ. ಊಟದ ನಂತರ ಹಂಡೆ ತಿಕ್ಕುವ ಕೆಲಸ ಉಳಿದಿರುತ್ತದೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಒಲೆ ಬೇಗ ಹೊತ್ತುತ್ತದೆ.

ನೇಮಕ: ಕೇಂದ್ರದ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ನಂತರದ ಪ್ರತಿ ನೂರಕ್ಕೆ ಇನ್ನೊಬ್ಬರು. ಇವರಿಗೆ ಸಿಗುವುದು ವೇತನವಲ್ಲ, ಗೌರವಧನ. ಅದರ ಹೆಚ್ಚಳ ಮತ್ತು ಸೇವಾಭದ್ರತೆ ಇವರ ಸಂಘಟನೆಗಳ ಬಹುಕಾಲದ ಬೇಡಿಕೆಗಳು.