ಪೈಥಾಗೊರಸನ ಕಾಳು ಯಾವುದು?

ಹಿಂದೊಮ್ಮೆ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಪಾಠವೊಂದರಲ್ಲಿ, ಗ್ರೀಕ್ ದಾರ್ಶನಿಕ ಪೈಥಾಗೊರಸನು ತನ್ನ ಶಿಷ್ಯರಿಗೆ ಅವರೆಯನ್ನು ನಿಷೇಧಿಸಿದ್ದನೆಂದು ಬರೆದುಬಿಟ್ಟೆ. ಮಾಗಿಯ ಕಾಲ, ಮನೆಮನೆಯಲ್ಲೂ ಹಿತಕಿದ ಬೇಳೆ ಕುದಿಯುತ್ತಿದ್ದ ದಿನಗಳು. ಹುಡುಗನೊಬ್ಬ ಎದ್ದುನಿಂತು, "ಸಾರ್, ಸೊಗಡಿನ ಅವರೆ ಬೇಡವೆಂದವನು ಅದೆಂಥ ಜ್ಞಾನಿ?" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುವರ್ಷ ಆ ಪದವನ್ನು ಹೊಡೆದುಹಾಕಿ 'ಡಬಲ್ ಬೀನ್ಸ್' ಎಂದು ತಿದ್ದಿದೆ. ಮೊದಲಿನ ತಪ್ಪಿಗಿಂತ ಈ ತಿದ್ದುಪಡಿಯೇ ದೊಡ್ಡ ತಪ್ಪು.

ನಾವು ಡಬಲ್ ಬೀನ್ಸ್ ಎಂದು ಕೊಳ್ಳುವುದು ಲಿಮಾ ಕಾಳನ್ನು. ಅದರ ತವರು ಅಮೆರಿಕ ಖಂಡ. ಪೈಥಾಗೊರಸ್ ಬದುಕಿದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ, ಕೊಲಂಬಸ್ ಆ ಕಡಲನ್ನು ದಾಟಿದ್ದು ಕ್ರಿ.ಶ. 1492ರಲ್ಲಿ. ಕಣ್ಣಿಂದ ಕಾಣದ ಕಾಳನ್ನು ಆ ಮಹಾಶಯನು ಬಹಿಷ್ಕರಿಸುವುದೆಂತು? ಅವನು ಬಲ್ಲದ್ದು ಫಾವಾ, ಉತ್ತರ ಭಾರತದವರು ಬಾಕಲಾ ಎಂದು ಕರೆಯುವ ಕಾಳು.

ಫಾವಾ ಹಳೆಯ ಜಗತ್ತಿನ ಹಿರಿಯ. ಇಸ್ರೇಲಿನ ಯಿಫ್ತಾಹೆಲ್ ಎಂಬಲ್ಲಿ ಸುಮಾರು 10,000 ವರ್ಷಗಳ ಹಿಂದಿನ ಫಾವಾ ಕಾಳುಗಳು ಸಿಕ್ಕಿವೆ. ಸುಟ್ಟು ಕರಿಕಾದದ್ದರಿಂದಲೇ ಅವು ಉಳಿದುಬಂದವು. ಅಥೆನ್ಸಿನವರು ಕಾಳೆತ್ತಿ ತಮ್ಮ ಸಭೆಯ ಸದಸ್ಯರನ್ನು ಆರಿಸುತ್ತಿದ್ದರು. ರೋಮಿನ ಫೇಬಿಯಸ್ ಮನೆತನದ ಹೆಸರು ಇದೇ ಕಾಳಿನಿಂದ ಬಂದದ್ದೆಂದು ಪ್ಲಿನಿ ಬರೆದಿದ್ದಾನೆ. ಈಜಿಪ್ಟಿನಲ್ಲಿ ಇಂದಿಗೂ ಒಣಗಿದ ಫಾವಾವನ್ನು ಇರುಳೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ ಮುಂಜಾನೆ ಉಣ್ಣುತ್ತಾರೆ.

ಇಂಥ ಕಾಳಿಗೆ ನಿಷೇಧವೇಕೆ? ಸತ್ತವರ ಆತ್ಮ ಅದರಲ್ಲಿ ನೆಲೆಸುತ್ತದೆಂದು ಕೆಲವರು, ವಾಯುಪ್ರಕೋಪವೆಂದು ಕೆಲವರು ಪ್ರಾಚೀನರಲ್ಲೇ ಹೇಳಿದ್ದಾರೆ. ನಮ್ಮ ಕಾಲದವರು ಇನ್ನೊಂದು ಕಾರಣವನ್ನು ಮುಂದಿಡುತ್ತಾರೆ. ಮೆಡಿಟರೇನಿಯನ್ ತೀರದಲ್ಲಿ ಕೆಲವರಿಗೆ ಫಾವಾ ತಿಂದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ. ಮಕ್ಕಳಿಗೆ ಪ್ರಾಣಾಪಾಯವೂ ಉಂಟು. 1956ರಲ್ಲಿ ಅಮೆರಿಕದ ವಿಜ್ಞಾನಿಗಳು, ಮಲೇರಿಯಾದ ಔಷಧವಾದ ಪ್ರಿಮಾಕ್ವಿನ್ ಕೆಲವರ ರಕ್ತವನ್ನು ಕೆಡಿಸುವುದೇಕೆಂದು ಹುಡುಕುತ್ತ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯನ್ನು ಕಂಡರು. ಫಾವಾ ಕಾಯಿಲೆಯ ಮೂಲವೂ ಅದೇ ಎಂಬುದು ಬಳಿಕ ತಿಳಿಯಿತು. ಹುಟ್ಟಿನಿಂದ ಬರುವ ಈ ಕೊರತೆ ಗಂಡಸರಲ್ಲೇ ಹೆಚ್ಚು. ಮಲೇರಿಯಾ ಹಬ್ಬಿದ್ದ ನಾಡುಗಳಲ್ಲೇ ಬಹಳ. ಭಾರತದಲ್ಲೂ ಉಂಟು. ಪೈಥಾಗೊರಸನಿಗೆ ಇದರ ಸುಳಿವಿತ್ತೆಂಬ ಊಹೆ ಮೋಹಕವಾದದ್ದು. ಆದರೆ ಪ್ರಾಚೀನರು ಕೊಡುವ ಕಾರಣಗಳಲ್ಲಿ ಈ ಕಾಯಿಲೆಯ ಸ್ಪಷ್ಟ ವರ್ಣನೆಯಿಲ್ಲ. ನಾನು ಅದನ್ನು ಇತಿಹಾಸವೆಂದು ಬರೆಯಲಾರೆ. ಎರಡು ಬಾರಿ ಎಡವಿದವನು ತುಸು ಎಚ್ಚರದಿಂದಿರಬೇಕಷ್ಟೆ.

ಲಿಮಾದ ವಿಷ ಬೇರೆ ಬಗೆಯದು. ಜಜ್ಜಿದಾಗ ಸೈನೈಡ್ ಬಿಡುವ ದ್ರವ್ಯ ಆ ಕಾಳಿನಲ್ಲೇ ಇದೆ. ಕಾಡುತಳಿಗಳಲ್ಲಿ ಹೆಚ್ಚು, ಸಾಕಿದ ತಳಿಗಳಲ್ಲಿ ಕಡಿಮೆ. ಅದನ್ನು ಹಸಿಯಾಗಿ ತಿನ್ನದೆ, ನೆನೆಹಾಕಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಬೇಕು. ಪೆರುವಿನ ಬೆಟ್ಟಗಳಲ್ಲಿ ದೊಡ್ಡ ಕಾಳಿನದು, ಮೆಕ್ಸಿಕೋದಲ್ಲಿ ಸಣ್ಣ ಕಾಳಿನದು, ಹೀಗೆ ಮನುಷ್ಯ ಅದನ್ನು ಬೇರೆಬೇರೆಯಾಗಿ ಒಲಿಸಿಕೊಂಡ. ಹೆಸರು ಬಂದದ್ದು ಸ್ಪೇನಿನವರು 1535ರಲ್ಲಿ ಸ್ಥಾಪಿಸಿದ ಲಿಮಾ ನಗರದಿಂದ. ಅದಕ್ಕೂ ಹಿಂದೆ ಪೆರುವಿನ ಮೋಚೆ ಜನರು ತಮ್ಮ ಮಡಕೆಗಳ ಮೇಲೆ ಈ ಕಾಳನ್ನೂ, ಓಡುವ ದೂತರನ್ನೂ ಜೊತೆಜೊತೆಯಾಗಿ ಚಿತ್ರಿಸಿದರು. ಚುಕ್ಕೆಗೆರೆಗಳಿಂದ ಕೂಡಿದ ಆ ಕಾಳುಗಳು ಒಂದು ಲಿಪಿಯೆಂದು ಲಾರ್ಕೊ ಹೋಯ್ಲೆ ಎಂಬ ವಿದ್ವಾಂಸ ವಾದಿಸಿದ. ಪಂಡಿತರು ಬಹುಮಟ್ಟಿಗೆ ಒಪ್ಪಲಿಲ್ಲ.

ಬೆಳೆಯುವಾಗ ಎರಡನ್ನೂ ಬೆರೆಸುವಂತಿಲ್ಲ. ಫಾವಾಕ್ಕೆ ಚಳಿ ಬೇಕು. ನೆಟ್ಟಗೆ ನಿಲ್ಲುವ ಚೌಕದ ಕಾಂಡ, ಬಿಳಿ ಹೂವಿನಲ್ಲಿ ಕಪ್ಪು ಮಚ್ಚೆ. ಲಿಮಾಕ್ಕೆ ಸೆಕೆ ಬೇಕು, ಹಬ್ಬಲು ಚಪ್ಪರ ಬೇಕು. ಮೊಳೆಯುವಾಗ ಲಿಮಾದ ಬೇಳೆಗಳು ಮಣ್ಣನ್ನು ಸೀಳಿ ಮೇಲೇಳುತ್ತವೆ. ಫಾವಾದವು ಮಣ್ಣೊಳಗೇ ಉಳಿಯುತ್ತವೆ. ಕೂಡಿಡುವಾಗ ಮಾತ್ರ ಎರಡಕ್ಕೂ ಶತ್ರು ಒಂದೇ, ಹುಳು. ನನ್ನ ತಾಯಿ ಕಾಳನ್ನು ಬಿರುಬಿಸಿಲಲ್ಲಿ ಒಣಗಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ಮುಚ್ಚಿಡುತ್ತಿದ್ದರು. ಪೆರುವಿನ ಕರಾವಳಿಯಲ್ಲಿ ಆ ಕೆಲಸವನ್ನು ಮರಳುಗಾಡೇ ಮಾಡಿದೆ. ಅಲ್ಲಿನ ಪ್ರಾಚೀನ ನೆಲೆಗಳಿಂದ ಒಣಗಿದ ಲಿಮಾ ಕಾಳುಗಳು ಆಕಾರ ಕೆಡದೆ ಹೊರಬಂದಿವೆ.

ಪಾಠದ ಆ ಸಾಲಿನಲ್ಲಿ ಈಗ 'ಫಾವಾ' ಎಂದಿದೆ. ಪ್ರಶ್ನೆ ಕೇಳಿದ ಆ ಹುಡುಗನಿಗೆ ಒಂದು ಕಾಗದ ಬರೆದು, ಅವರೆಯ ಮೇಲಿನ ಆಪಾದನೆಯನ್ನು ಹಿಂತೆಗೆದುಕೊಂಡೆ.